ಸಾವಧಾನ್!

ಸಂಧಿ ಬಿಡಿಸಿಕೊಂಡು ಸುಖವಾಗಿದ್ದ ಕನ್ನಡ ಮೇಷ್ಟ್ರು ನಾನು. ದೈಹಿಕ ಶಿಕ್ಷಕರು ವರ್ಗವಾಗಿ ಹೋದ ಮೇಲೆ ಹೆಡ್‌ಮಾಸ್ಟರು ಸ್ಟಾಫ್‌ರೂಮಿನಲ್ಲಿ ಒಮ್ಮೆ ಕಣ್ಣಾಡಿಸಿ, "ನಿಮ್ಮ ಗಂಟಲು ಚೆನ್ನಾಗಿದೆ ಸಾರ್" ಎಂದು ಸೀಟಿಯನ್ನು ನನ್ನ ಕೊರಳಿಗೆ ಹಾಕಿದರು. ಗಂಟಲಿನಿಂದ ಕೆಳಗೆ ಅವರು ನೋಡಲೇ ಇಲ್ಲ.

ಐದರಿಂದ ಏಳನೇ ತರಗತಿವರೆಗಿನ ಮಕ್ಕಳ ಮುಂದೆ ನಿಂತು "ಸಾವಧಾನ್!" ಎಂದು ಕೂಗಿದೆ. ಕೂಗಿದ ಮೇಲೆ ನನಗೇ ಕಸಿವಿಸಿ. ಕನ್ನಡದಲ್ಲಿ ಸಾವಧಾನವೆಂದರೆ ನಿಧಾನ, ಸಮಾಧಾನ. ಮೈದಾನದಲ್ಲಿ ಅದೇ ಪದಕ್ಕೆ ಮೈ ಸೆಟೆಯಬೇಕು. "ಸಾವಧಾನವಾಗಿ ಊಟ ಮಾಡಿ" ಎಂಬ ಹೆಂಡತಿಯ ಮಾತನ್ನು ಇಪ್ಪತ್ತು ವರ್ಷ ಪಾಲಿಸಿದ್ದರ ಫಲ ನನ್ನ ಬೆಲ್ಟಿನ ಮೇಲೆ ಕೂತಿತ್ತು.

ಮೈ ಬಿಸಿಯಾಗಲಿ ಎಂದು, "ಹತ್ತು ಬಸ್ಕಿ ಹೊಡೀರಿ" ಅಂದೆ. ಯಾರೂ ಅಲುಗಲಿಲ್ಲ. ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿಯೇ ಬಿಟ್ಟಳು: "ನಾವೇನ್ ತಪ್ಪು ಮಾಡಿದ್ವಿ ಸಾ?" ಐದನೆಯ ತರಗತಿಯವನೊಬ್ಬ ಆಗಲೇ ಕಿವಿ ಹಿಡಿದುಕೊಂಡಿದ್ದ. ಅವರನ್ನು ಅನ್ನುವಂತಿಲ್ಲ. ಮಗ್ಗಿ ತಪ್ಪಿದರೆ ಬಸ್ಕಿ, ತಡವಾಗಿ ಬಂದರೆ ಮೈದಾನಕ್ಕೆ ಸುತ್ತು. ವ್ಯಾಯಾಮವನ್ನು ನಾವು ಕಲಿಸಿದ್ದೇ ಶಿಕ್ಷೆಯಾಗಿ. ದಂಡ ಹೊಡೆಯುವುದಕ್ಕೂ ದಂಡ ಕಟ್ಟುವುದಕ್ಕೂ ಒಂದೇ ಪದ ಇಟ್ಟ ಭಾಷೆಯ ಮೇಷ್ಟ್ರು ನಾನು, ಇನ್ನೇನು ಹೇಳಲಿ?

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ವೇಳಾಪಟ್ಟಿ ಕೊಟ್ಟಿದ್ದು ವಾರಕ್ಕೆ ಎರಡು ಪಿರಿಯಡ್ಡು. ಅದರಲ್ಲೊಂದನ್ನು ಗಣಿತದವರು ಸಾಲವಾಗಿ ಪಡೆದಿದ್ದರು. ಇಂಥ ಸಾಲ ಯಾವ ಶಾಲೆಯಲ್ಲೂ ವಸೂಲಾದದ್ದಿಲ್ಲ.

ಮಕ್ಕಳ ದೈಹಿಕ ಸಾಮರ್ಥ್ಯ ಅಳೆಯುವ ಖೇಲೋ ಇಂಡಿಯಾದ ಪರೀಕ್ಷೆಯಲ್ಲಿ 600 ಮೀಟರ್ ಓಟವಿದೆ. ಆಗದವರು ನಡೆದರೂ ಸರಿ. ನಮ್ಮ ಮೈದಾನಕ್ಕೆ ಅಷ್ಟು ಉದ್ದ ಎಲ್ಲಿಂದ ಬರಬೇಕು? ಹೆಜ್ಜೆ ಅಳೆದು ಲೆಕ್ಕ ಹಾಕಿದೆ: ಧ್ವಜಕಂಬದಿಂದ ನೀರಿನ ಟ್ಯಾಂಕಿಗೆ, ಬಿಸಿಯೂಟದ ಅಡುಗೆಕೋಣೆ ಬಳಸಿ, ಆರು ಸುತ್ತು. ನಾಲ್ಕನೇ ಸುತ್ತಿಗೆ ಸಾಂಬಾರಿನ ಒಗ್ಗರಣೆ ಬಿತ್ತು. ಅರ್ಧ ಓಟಗಾರರು ತಟ್ಟೆ ಹಿಡಿದು ನಿಂತಿದ್ದರು. ಬೆಳಿಗ್ಗೆಯಿಂದ ನಾನು ಬಾಯಿ ಬಡಿದುಕೊಂಡರೂ ಆಗದಿದ್ದ ನೇರ ಸಾಲು ಅಲ್ಲಿ ತಾನಾಗಿ ಆಗಿತ್ತು.

ಉಳಿದವರಿಗೆ ಹುರುಪು ಬರಲೆಂದು ನಾನೂ ಒಂದು ಸುತ್ತು ಓಡಿದೆ. ಆಮೇಲೆ ನಾಡಿ ಎಣಿಸುವ ಪಾಠ. ಹೆಬ್ಬೆರಳ ಬುಡಕ್ಕೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಡಬೇಕು. ಹೆಬ್ಬೆರಳಿನಿಂದ ಎಣಿಸಬಾರದು, ಅದರದೇ ಬಡಿತ ಲೆಕ್ಕಕ್ಕೆ ಸೇರಿಬಿಡುತ್ತದೆ. 15 ಸೆಕೆಂಡಿನ ಎಣಿಕೆಯನ್ನು ನಾಲ್ಕರಿಂದ ಗುಣಿಸಬೇಕು.

"ನಂದು ಸೊನ್ನೆ ಸಾ," ಅಂದ ಒಬ್ಬ.

"ಮಾತಾಡ್ತಿದ್ದೀಯಲ್ಲ, ಇನ್ನೊಂದ್ಸಲ ಹುಡುಕು."

ಅಷ್ಟರಲ್ಲಿ ಬಸ್ಕಿಯ ವಿಚಾರಣೆ ನಡೆಸಿದ ಹುಡುಗಿ ನನ್ನ ಕೈ ಹಿಡಿದು ಎಣಿಸಿದಳು. ಇಪ್ಪತ್ತೇಳು. ನಾಲ್ಕರಿಂದ ಗುಣಿಸಿ, ಮುಖ ಸಪ್ಪಗೆ ಮಾಡಿ ಕೂಗಿದಳು: "ಸಾರ್‌ದು ನೂರೆಂಟು!"

ನನ್ನನ್ನು ಹುಣಸೆಮರದ ಕಟ್ಟೆಗೆ ಕೂರಿಸಿದರು. "ಸಾವಧಾನ ಸಾ, ಸಾವಧಾನ," ಎಂದು ಬೆನ್ನು ಸವರಿದರು. ಸದ್ಯ, ಕನ್ನಡದ ಸಾವಧಾನ. ಹಿಂದಿನ ಸಾಲಿನವನೊಬ್ಬ ಮಾತ್ರ ನೂರೆಂಟನ್ನು ಆಂಬುಲೆನ್ಸಿನ ನಂಬರೆಂದೇ ತಿಳಿದು, ಫೋನ್ ಮಾಡಿಸಲು ಹೆಡ್‌ಮಾಸ್ಟರ ಕೋಣೆಯತ್ತ ಓಟ ಕಿತ್ತ. ಆ ಓಟಕ್ಕೆ ಸ್ಟಾಪ್‌ವಾಚ್ ಒತ್ತಲು ನನ್ನ ಕೈಗೆ ಬಿಡುವಿರಲಿಲ್ಲ. ಇಬ್ಬರು ಇನ್ನೂ ನಾಡಿ ಎಣಿಸುತ್ತಿದ್ದರು.