ಯುಟಿಲಿಟಿಯ ಪಾಡು

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಅಡುಗೆಮನೆಯ ಹಿಂದೆ ಯುಟಿಲಿಟಿ ಎಂಬ ಜಾಗವಿರುತ್ತದೆ. ಅಲ್ಲಿ ವಾಷಿಂಗ್ ಮೆಷಿನ್ ನಿಂತರೆ ಮನುಷ್ಯ ಹೊರಗೆ, ಮನುಷ್ಯ ನಿಂತರೆ ಪೊರಕೆ ಹೊರಗೆ. ಟಾಪ್ ಲೋಡ್ ತಂದವರ ಪಾಡು ಇನ್ನೂ ಮಜಾ: ಮುಚ್ಚಳ ಏಳಬೇಕಲ್ಲ, ಮೇಲೆ ಹಲಗೆ ಹೊಡೆಸುವಂತಿಲ್ಲ. ಫ್ರಂಟ್ ಲೋಡ್ ಎತ್ತರ ಸುಮಾರು 85 ಸೆಂ.ಮೀ.; ಮೇಲೊಂದು ಕಡಪ ಕಲ್ಲು ಹಾಕಿಸಿದರೆ ಬಟ್ಟೆ ಮಡಿಸಲು ಕಟ್ಟೆ ಸಿಕ್ಕಿತು. ಸಿಕ್ಕಿದ್ದೇನೋ ನಿಜ, ಮರುದಿನವೇ ಅಲ್ಲಿ ಈರುಳ್ಳಿ ಬುಟ್ಟಿ, ಹಳೇ ಪೇಪರು, ಮುಚ್ಚಳ ಕಳೆದುಕೊಂಡ ಡಬ್ಬಗಳು ಸಂಸಾರ ಹೂಡುತ್ತವೆ!

ನೆಲದ ಆಸೆ ಬಿಡಿ, ಚಾವಣಿ ನೋಡಿ. ಹಗ್ಗ ಎಳೆದರೆ ಏರಿಳಿಯುವ ಕಂಬಿಗಳು ಸೀರೆ, ಪಂಚೆ ಎರಡನ್ನೂ ಮೇಲಕ್ಕೆ ಹೊತ್ತೊಯ್ಯುತ್ತವೆ. ಮಾಪು, ಪೊರಕೆ ಬಾಗಿಲ ಹಿಂದಿನ ಮೊಳೆಗೆ. ಆದರೆ ಮೆಷಿನ್ನಿನ ನಲ್ಲಿಯ ಹತ್ತಿರ ಕೈ ತೂರುವಷ್ಟು ಸಂದು ಬಿಡಿ ಮಾರಾಯ್ರೇ, ಪೈಪು ಸೋರುವುದು ಭಾನುವಾರವೇ.