ತೂಕದ ಭಾವ

ನಮ್ಮ ಮನೆಗೆ ಗ್ಯಾಸ್ ಬರುವ ದಿನ ಭಾವ ಬಂದಿದ್ದರೆ ಸಿಲಿಂಡರ್ ಹೊತ್ತು ತಂದ ಹುಡುಗನಿಗೆ ಅರ್ಧ ಗಂಟೆ ಬಿಡುಗಡೆಯಿಲ್ಲ. ಭಾವನ ಕೈಚೀಲದಲ್ಲಿ ಒಂದು ಕೊಕ್ಕೆತಕ್ಕಡಿ ಯಾವಾಗಲೂ ಇರುತ್ತದೆ. ಸಿಲಿಂಡರನ್ನು ಅದಕ್ಕೆ ನೇತುಹಾಕಿಸಿ, ಅದರ ಮೈಮೇಲೆ ಬರೆದ ಖಾಲಿ ತೂಕವನ್ನು ಕಳೆದು, ಒಳಗೆ 14.2 ಕಿಲೋ ಇದೆಯೆಂದು ಖಾತ್ರಿಯಾದ ಮೇಲೆಯೇ ಅವನಿಗೆ ಟಿಪ್ಸು. ತೂಕ ಸರಿಯಿದ್ದರೆ ಭಾವನ ಮುಖ ಸ್ವಲ್ಪ ಬಾಡುತ್ತದೆ. ಕಡಿಮೆ ಬಂದರೆ ಅವತ್ತು ಎರಡು ದೋಸೆ ಹೆಚ್ಚು ತಿನ್ನುತ್ತಾರೆ.

ಇವರು ನನ್ನ ಹೆಂಡತಿಯ ಅಣ್ಣ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಮೀನು ಮಾರುಕಟ್ಟೆಯಲ್ಲಿ ತಕ್ಕಡಿ ತಟ್ಟೆಯ ಅಡಿಗೆ ಮೆತ್ತಿದ್ದ ಹುಣಸೆಹಣ್ಣನ್ನು ಉಗುರಿನಿಂದ ಕೆರೆದು ತೆಗೆದವರು, ಪೆಟ್ರೋಲ್ ಬಂಕಿನಲ್ಲಿ ಐದು ಲೀಟರಿನ ಕ್ಯಾನ್ ಹಿಡಿದು ಬಿಸಿಲಲ್ಲಿ ನಿಂತವರು. ಕೆಲಸ ಬಿಟ್ಟು ಹನ್ನೊಂದು ವರ್ಷವಾಯಿತು, ಕೈ ಇನ್ನೂ ತೂಗುತ್ತಲೇ ಇದೆ. ಮದುವೆಮನೆಯಲ್ಲಿ ಎಲೆಗೆ ಲಾಡು ಬಿದ್ದ ಕೂಡಲೇ ಅಂಗೈಯಲ್ಲಿಟ್ಟು ಒಮ್ಮೆ ಮೇಲೆ ಕೆಳಗೆ ಆಡಿಸಿ, "ನಲವತ್ತೈದು ಗ್ರಾಂ. ಅಡಿಗೆಯವ ಐವತ್ತು ಅಂತ ಹೇಳಿದ್ದ" ಎನ್ನುತ್ತಾರೆ. ಪಕ್ಕದ ಎಲೆಯವರು ತಮ್ಮ ಲಾಡನ್ನು ಅನುಮಾನದಿಂದ ನೋಡತೊಡಗುತ್ತಾರೆ.

ಇಂಥವರು ನಿಮ್ಮ ಮನೆಯಲ್ಲೂ ಉಂಟು. ಭಾವನ ಬದಲು ದೊಡ್ಡಪ್ಪನೋ ಷಡ್ಡಕನೋ ಆಗಿರಬಹುದು, ಅಷ್ಟೆ. ಇವರನ್ನು ಕೇಳದೆ ಒಂದು ಮಿಕ್ಸಿ ಕೊಂಡರೂ "ನನಗೊಂದು ಮಾತು ಹೇಳಬಾರದಿತ್ತಾ?" ಎಂಬುದನ್ನು ಆ ಮಿಕ್ಸಿ ಕೆಡುವವರೆಗೆ ಕೇಳಬೇಕು. ಕೇಳಿ ಕೊಂಡರೆ ಏಳು ಅಂಗಡಿಯ ಮೆಟ್ಟಿಲು ಹತ್ತಿಳಿಯಬೇಕು. ನಾವು ಕಾಲು ಗಟ್ಟಿಯಿದ್ದಷ್ಟು ದಿನ ಎರಡನೆಯದನ್ನೇ ಆರಿಸಿಕೊಂಡವರು.

ಹೀಗಿರುವಾಗ ಮಗನ ನಿಶ್ಚಿತಾರ್ಥ ಗೊತ್ತಾಯಿತು. ನಮ್ಮ ಕಾಲದಲ್ಲಿ ತಾಂಬೂಲ ಬದಲಾಯಿಸಿ, ಲಗ್ನಪತ್ರಿಕೆ ಓದಿ, ಹೋಳಿಗೆ ಊಟ ಮಾಡಿ ಏಳುತ್ತಿದ್ದೆವು. ಈಗ ನಡುವೆ ಉಂಗುರ ಬಂದಿದೆ, ಉಂಗುರದ ಮೇಲೆ ವಜ್ರ ಕೂತಿದೆ. ಹುಡುಗಿಗೆ ಅರ್ಧ ಕ್ಯಾರೆಟ್ಟಿನ ಒಂದೇ ಕಲ್ಲಿನ ಉಂಗುರ ಮಾಡಿಸೋಣ ಎಂದ ಮಗ.

"ಅರ್ಧವಾ?" ಎಂದರು ನನ್ನ ಅಮ್ಮ. "ಇಪ್ಪತ್ತೆರಡು ಕ್ಯಾರೆಟ್ಟಿಗೆ ಕಡಿಮೆಯದ್ದನ್ನು ಈ ಮನೆಯಲ್ಲಿ ಯಾರೂ ಹಾಕಿದ್ದಿಲ್ಲ. ಅರ್ಧ ಕ್ಯಾರೆಟ್ ಅಂದ್ರೆ ಹಿತ್ತಾಳೆಯೇ ಅಲ್ವಾ ಮಗಾ?"

ಭಾವ ಪತ್ರಿಕೆ ಮಡಚಿಟ್ಟರು. ಅವರು ಪತ್ರಿಕೆ ಮಡಚಿದರೆಂದರೆ ಊಟ ತಡ ಎಂದು ಅರ್ಥ. "ಅತ್ತೆ, ಚಿನ್ನದ ಕ್ಯಾರೆಟ್ ಬೇರೆ, ವಜ್ರದ ಕ್ಯಾರೆಟ್ ಬೇರೆ. ಚಿನ್ನದ್ದು ಬೆರಕೆಯ ಲೆಕ್ಕ. ಇಪ್ಪತ್ನಾಲ್ಕು ಪಾಲಿನಲ್ಲಿ ಇಪ್ಪತ್ತೆರಡು ಪಾಲು ಚಿನ್ನ, ಉಳಿದದ್ದು ತಾಮ್ರ ಗೀಮ್ರ. ವಜ್ರದ್ದು ಬರೀ ತೂಕ. ಒಂದು ಕ್ಯಾರೆಟ್ಟಿಗೆ 200 ಮಿಲಿಗ್ರಾಂ, ಒಂದು ಗ್ರಾಮಿಗೆ ಐದು ಕ್ಯಾರೆಟ್. ನೀವು ಹೇಳಿದ ಇಪ್ಪತ್ತೆರಡು ಕ್ಯಾರೆಟ್ ವಜ್ರ 4.4 ಗ್ರಾಂ ತೂಗುತ್ತದೆ. ಊರಿನ ತೋಟ ಮಾರಿದರೂ ಸಾಲದು." ಅಷ್ಟಕ್ಕೇ ಬಿಡಲಿಲ್ಲ. ವಜ್ರ ಕೂರಿಸುವ ಉಂಗುರ 18 ಕ್ಯಾರೆಟ್ಟಿನದೇ ಆಗಬೇಕು, 22ರ ಚಿನ್ನ ಮೆತ್ತಗೆ, ಕಲ್ಲನ್ನು ಕಚ್ಚಿ ಹಿಡಿಯುವುದಿಲ್ಲ ಎಂದೂ ಹೇಳಿದರು. ಅಮ್ಮನಿಗೆ ತೋಟದ ಮಾತಿಗಿಂತ ಇದೇ ಹೆಚ್ಚು ಚುಚ್ಚಿತು. ಹದಿನೆಂಟಂತೆ.

ಮಗ ಅಜ್ಜಿಗೆ ಸುಲಭವಾಗಲೆಂದು, "ಅಜ್ಜಿ, ಅಂಗಡಿಯಲ್ಲಿ ಕ್ಯಾರೆಟ್ ಅನ್ನೋದು ಕಮ್ಮಿ, ಸೆಂಟ್ ಅಂತಾರೆ. ನೂರು ಸೆಂಟಿಗೆ ಒಂದು ಕ್ಯಾರೆಟ್. ನಾನು ನೋಡಿದ್ದು ಐವತ್ತು ಸೆಂಟ್ಸಿನದು" ಎಂದ. ನಾವು ಉಡುಪಿ ಕಡೆಯವರು. ನಮ್ಮಲ್ಲಿ ಸೆಂಟ್ಸ್ ಎಂದರೆ ಜಾಗ. ನೂರು ಸೆಂಟ್ಸಿಗೆ ಒಂದು ಎಕರೆ. ಐದು ಸೆಂಟ್ಸಿನಲ್ಲಿ ಮನೆ ಕಟ್ಟಿ, ಬಾವಿ ತೋಡಿ, ಎರಡು ತೆಂಗು ಹಾಕಿದವರಿದ್ದಾರೆ. ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಐವತ್ತು ಸೆಂಟ್ಸಿಗೆ ಬೇಲಿ ಹಾಕಿಸಲಿಕ್ಕೇ ಎಷ್ಟಾಗ್ತದೆ ಗೊತ್ತುಂಟಾ?" ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೇ ಹೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ.

ಭಾವನಿಗೆ ತಮಾಷೆ ತಿಳಿಯುವುದಿಲ್ಲ, ಮಾನ ತಿಳಿಯುತ್ತದೆ. ಕ್ಯಾರೆಟ್ ಎಂಬ ಹೆಸರು ಬಂದದ್ದು ಮೆಡಿಟರೇನಿಯನ್ ಸೀಮೆಯ ಕ್ಯಾರಬ್ ಮರದ ಬೀಜದಿಂದ, ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ತೂಗಿದ ಹಾಗೆ ಅವರು ಆ ಬೀಜ ಇಟ್ಟು ತೂಗುತ್ತಿದ್ದರು, ಊರಿಗೊಂದು ಕ್ಯಾರೆಟ್ ಇದ್ದು ವ್ಯಾಪಾರಿಗಳು ಒದ್ದಾಡಿದ ಮೇಲೆ 1907ರಲ್ಲಿ ತೂಕ ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಅದನ್ನು 200 ಮಿಲಿಗ್ರಾಂ ಎಂದು ಕಟ್ಟಿಹಾಕಿತು ಎಂದೆಲ್ಲ ವಿವರಿಸಿದರು. 1907 ಎನ್ನುವಾಗ ಅವರ ದನಿ ಬೇರೆಯವರು 1947 ಎನ್ನುವ ಹಾಗಿತ್ತು. "ಒಂದು ಗುಲಗಂಜಿ ಹತ್ತಿರ ಹತ್ತಿರ 120 ಮಿಲಿಗ್ರಾಂ. ಅರ್ಧ ಕ್ಯಾರೆಟ್ ನೂರೇ."

"ಅಂದ್ರೆ ಒಂದು ಗುಲಗಂಜಿಯಷ್ಟೂ ಇಲ್ಲ!" ಎಂದರು ಅಮ್ಮ. "ಅದಕ್ಕೆ ಇಷ್ಟು ದುಡ್ಡಾ?"

ಕ್ಯಾರೆಟ್ ಬಗ್ಗೆ ನಾನು ಆಮೇಲೆ ಓದಿದ್ದರಲ್ಲಿ ಇದಕ್ಕಿಂತ ಚೊಕ್ಕ ಪ್ರಶ್ನೆ ಸಿಗಲಿಲ್ಲ.

ಶನಿವಾರ ಜಯನಗರದ ಒಂದು ಆಭರಣದ ಅಂಗಡಿಗೆ ಹೋದೆವು. ಮೈಸೂರಿನಿಂದ ಹುಡುಗಿಯೂ ಬಂದಿದ್ದಳು. ಸೇಲ್ಸಿನ ಹುಡುಗಿ ಕಪ್ಪು ಮಖಮಲ್ಲಿನ ತಟ್ಟೆ ತಂದಿಡುವ ಮೊದಲೇ ಭಾವ, "ನಿಮ್ಮ ತಕ್ಕಡಿ ಎಲ್ಲಿ?" ಎಂದರು. ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ತಕ್ಕಡಿ ಬಂತು. ಅದರ ಸುತ್ತ ಕಣ್ಣಾಡಿಸಿ, "ಸೀಲು ಯಾವ ವರ್ಷದ್ದು?" ಎಂದರು. ಸೀಲು ಆ ವರ್ಷದ್ದೇ. ಪ್ರಮಾಣಪತ್ರ ಕೇಳಿದರು. ಅದು ಗೋಡೆಯ ಮೇಲೆ ಚೌಕಟ್ಟು ಹಾಕಿಕೊಂಡು ತೂಗುತ್ತಿತ್ತು. ಭಾವನ ಮುಖ ಸಿಲಿಂಡರ್ ಸರಿಬಂದ ದಿನದ ಹಾಗಾಯಿತು. ಫ್ಯಾನ್ ಆರಿಸಿ ಎಂದರು. ಎಸಿಯ ಗಾಳಿ ಈ ಕಡೆ ಬರಬಾರದು ಎಂದರು. ತೂಗುವಾಗ ನಮಗೆ ಉಸಿರು ಬಿಗಿಹಿಡಿಯಲು ಹೇಳಿದರು. ಐದು ಜನ ಉಸಿರು ಹಿಡಿದು ಬಗ್ಗಿ ನಿಂತದ್ದನ್ನು ನೋಡಿ ಪಕ್ಕದ ಕೌಂಟರಿನಲ್ಲಿ ಕಾಲುಂಗುರ ನೋಡುತ್ತಿದ್ದ ಹೆಂಗಸೂ ಉಸಿರು ಹಿಡಿದರು.

ಚಿಮಟದಲ್ಲಿ ಹಿಡಿದು ಎರಡು ಬಿಡಿ ಕಲ್ಲುಗಳನ್ನು ಅಕ್ಕಪಕ್ಕ ಇಟ್ಟಳು ಸೇಲ್ಸಿನ ಹುಡುಗಿ. ಒಂದು 50 ಸೆಂಟ್, ಇನ್ನೊಂದು 48. ಭಾವ 50ರ ಕಡೆ ಬೆರಳು ತೋರಿಸಿ ಆಗಿತ್ತು.

"ಸಾರ್, ಸ್ವಲ್ಪ ಎದ್ದು ನಿಂತು ನೋಡಿ. ಯಾವುದು ದೊಡ್ಡದು?"

ನೋಡಿದರೆ 48ರದ್ದೇ ದೊಡ್ಡದು. ಅಂಗಡಿಯ ದೀಪದ ಮೋಸ ಇದು ಎಂದ ಭಾವ, ತಟ್ಟೆಯನ್ನೇ ಎತ್ತಿಕೊಂಡು ಹಗಲು ಬೆಳಕಿಗೆಂದು ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟರು. ಸೆಕ್ಯೂರಿಟಿಯವನು ಎದ್ದು ಅಡ್ಡ ನಿಂತ. ಮ್ಯಾನೇಜರ್ ಓಡಿ ಬಂದರು. ನಾನು ಭಾವ ನಿವೃತ್ತ ಸರ್ಕಾರಿ ನೌಕರರು ಎಂದೆ. ಮ್ಯಾನೇಜರ್ ಮುಖದಲ್ಲಿ ಅದರಿಂದ ಸಮಾಧಾನವೇನೂ ಕಾಣಲಿಲ್ಲ. ಕೊನೆಗೆ ಸೆಕ್ಯೂರಿಟಿ, ಮ್ಯಾನೇಜರ್, ಭಾವ ಮೂವರೂ ಮೆರವಣಿಗೆಯಲ್ಲಿ ಬಾಗಿಲ ಗಾಜಿನವರೆಗೆ ಹೋಗಿ ನೋಡಿಬಂದರು. ಹಗಲು ಬೆಳಕಿನಲ್ಲೂ 48ರದ್ದೇ ದೊಡ್ಡದು.

ಸೇಲ್ಸಿನ ಹುಡುಗಿ ಅಳತೆ ಹಿಡಿದು ತೋರಿಸಿದಳು. 48ರದ್ದು ಅಡ್ಡಗಲ 5.1 ಮಿಲಿಮೀಟರ್, 50ರದ್ದು 4.9. "ಆ ಕಲ್ಲಿಗೆ ಹೊಟ್ಟೆ ಜಾಸ್ತಿ ಸಾರ್. ಆಳವಾಗಿ ಕಡೆದಿದ್ದಾರೆ. ತೂಕವೆಲ್ಲ ಕೆಳಗಡೆ ಕೂತಿದೆ. ಉಂಗುರದಲ್ಲಿ ಕೂರಿಸಿದ ಮೇಲೆ ಆ ಹೊಟ್ಟೆ ಯಾರಿಗೂ ಕಾಣಲ್ಲ." ಭಾವ ತಮಗರಿಯದೆ ತಮ್ಮ ಅಂಗಿ ಸರಿಮಾಡಿಕೊಂಡರು.

"ಹಾಗಾದರೆ ಒಂದು ಕ್ಯಾರೆಟ್ಟಿನದೇ ತೆಗೆದರೆ ಇದರ ಎರಡರಷ್ಟು ಕಾಣಬೇಕಲ್ಲ?" ನಾನು ಬಾಯಿ ಹಾಕಿದೆ.

ಕಾಣುವುದಿಲ್ಲವಂತೆ. ದುಂಡು ಕಲ್ಲು ಅರ್ಧ ಕ್ಯಾರೆಟ್ ಇದ್ದರೆ ಸುಮಾರು 5.1, ಒಂದಿದ್ದರೆ 6.5, ಎರಡು ಕ್ಯಾರೆಟ್ ಇದ್ದರೂ ಸುಮಾರು 8.1 ಮಿಲಿಮೀಟರ್. ತೂಕ ದುಪ್ಪಟ್ಟಾದರೆ ಅಗಲ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಬೆಲೆ ಮಾತ್ರ ದುಪ್ಪಟ್ಟಿಗೆ ನಿಲ್ಲುವುದಿಲ್ಲ. ದೊಡ್ಡ ಕಲ್ಲು ಅಪರೂಪ, ಹಾಗಾಗಿ ಕ್ಯಾರೆಟ್ ದರವೇ ಮೇಲೇರುತ್ತದೆ. ಅದರಲ್ಲೂ ಅರ್ಧ, ಒಂದು ಎಂಬ ದುಂಡು ಸಂಖ್ಯೆ ಮುಟ್ಟಿದ ಕೂಡಲೇ ಒಂದು ಜಿಗಿತ. "ಗೃಹಜ್ಯೋತಿ ಥರ ಸಾರ್. 200 ಯೂನಿಟ್ ಒಳಗಿದ್ದರೆ ಬಚಾವ್. ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ" ಎಂದಳು ಆ ಹುಡುಗಿ. ಎಂಟು ಪುಟದ ಕ್ಯಾಟಲಾಗ್ ಮಾಡದ ಕೆಲಸವನ್ನು ಈ ಒಂದು ಮಾತು ಮಾಡಿತು. ನನ್ನ ಹೆಂಡತಿ ತಕ್ಷಣ 48ರ ಪಕ್ಷ ಸೇರಿದಳು.

ಭಾವ ಸುಲಭಕ್ಕೆ ಬಿಡುವವರೇ? ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ ಎಂದು ಶುರುಮಾಡಿದರು. ವಜ್ರದ ಗಣಿ ಸೀಮೆಯ ನಾಯಕ ವರ್ಷವರ್ಷ ಕಪ್ಪ ಕೊಟ್ಟು, ಮೇಲೆ 20 ಮಂಜಾಡಿ ತೂಕ ಮೀರಿದ ಕಲ್ಲುಗಳನ್ನೆಲ್ಲ ಅರಸನ ಭಂಡಾರಕ್ಕೇ ಒಪ್ಪಿಸಬೇಕಿತ್ತು. "ಅಂದರೆ ಅರಸರೂ ನೋಡಿದ್ದು ತೂಕವನ್ನೇ." ಹೌದು ಭಾವ, ಆಗ ತೂಕ ಮೀರಿದರೆ ಕಲ್ಲು ಅರಮನೆಗೆ ಹೋಗುತ್ತಿತ್ತು, ಈಗ ನನ್ನ ಪಿಎಫ್ ಅಂಗಡಿಗೆ ಹೋಗುತ್ತದೆ ಎಂದೆ.

ಅಷ್ಟರಲ್ಲಿ ಕಲ್ಲಿನ ಪ್ರಮಾಣಪತ್ರ ಓದುತ್ತಿದ್ದ ಮಗ ಒಂದು ವಿಷಯ ಹೇಳಿದ. ಅಮೆರಿಕದ ಜಿಐಎ ಎಂಬ ಸಂಸ್ಥೆ ವಜ್ರವನ್ನು ಕ್ಯಾರೆಟ್ಟಿನ ಐದನೇ ದಶಮಾಂಶದವರೆಗೆ ತೂಗಿ, ಎರಡಕ್ಕೆ ಇಳಿಸಿ ಬರೆಯುತ್ತದೆ. ಇಳಿಸುವಾಗ ಮೂರನೇ ಅಂಕಿ ಒಂಬತ್ತಿದ್ದರೆ ಮಾತ್ರ ಮೇಲಕ್ಕೆ ಏರಿಸುತ್ತಾರೆ. 0.998 ಇದ್ದರೂ ಅದು 0.99 ಮಾತ್ರ. ಭಾವ ಕನ್ನಡಕ ತೆಗೆದರು. "ಎಂಟಕ್ಕೂ ಬಡ್ತಿ ಇಲ್ಲವಾ?" "ಇಲ್ಲ ಮಾವ." ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮೂವತ್ತು ವರ್ಷ ತಾವು ಒಬ್ಬರೇ ಎಂದುಕೊಂಡಿದ್ದ ದಾರಿಯಲ್ಲಿ ದೂರದಲ್ಲಿ ಇನ್ನೊಬ್ಬರ ಲಾಂದ್ರ ಕಂಡಂತಾಗಿತ್ತು ಅವರಿಗೆ.

ಈ ಸಂದರ್ಭದಲ್ಲಿ ಲ್ಯಾಬಿನಲ್ಲಿ ಬೆಳೆಸಿದ ವಜ್ರದ ಮಾತೂ ಬಂತು. ಅದೂ ಅಪ್ಪಟ ಇಂಗಾಲವೇ, ಸಾಂದ್ರತೆ ಒಂದೇ, ಅದೇ ಗಾತ್ರಕ್ಕೆ ಅದೇ ತೂಕ, ಬೆಲೆ ಮಾತ್ರ ಬಹಳ ಕಡಿಮೆ. ತೂಕ ಒಂದೇ ಎಂದಮೇಲೆ ಭಾವನಿಗೆ ಆಕ್ಷೇಪವಿರಲಿಲ್ಲ. ಅಮ್ಮನಿಗಿತ್ತು. "ಮರದಲ್ಲಿ ಹಣ್ಣಾದ ಮಾವಿಗೂ ಪುಡಿ ಹಾಕಿ ಹಣ್ಣು ಮಾಡಿದ್ದಕ್ಕೂ ತೂಕ ಒಂದೇ" ಎಂದುಬಿಟ್ಟರು. ಅಮ್ಮನ ಕಿವಿಯಲ್ಲಿ ಏಳು ಕಲ್ಲಿನ ವಜ್ರದ ಬೆಂಡೋಲೆ ಇದೆ. ಬ್ಲೂ ಜಾಗರ್ ಕಲ್ಲು. ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೈನ್ ಗಣಿಯ ಹೆಸರು ನಮ್ಮ ಅಜ್ಜಿಯಂದಿರ ಬಾಯಲ್ಲಿ ಹೀಗೆ ಸವೆದು ಉಳಿದಿದೆ. ಅದರ ತೂಕ ಎಷ್ಟು ಎಂದು ಅಮ್ಮ ಕೇಳಿದವರಲ್ಲ. ಅವರ ಅತ್ತೆ ಅದನ್ನು ಮೂರು ರಾತ್ರಿ ತಲೆದಿಂಬಿನಡಿ ಇಟ್ಟು, ಕೆಟ್ಟ ಕನಸು ಬೀಳದ್ದರಿಂದ, ಆಗಿಬರುತ್ತದೆ ಎಂದು ತೀರ್ಮಾನಿಸಿದ್ದರಂತೆ.

ಇಷ್ಟೆಲ್ಲ ಆಗುವವರೆಗೂ ಉಂಗುರ ತೊಡುವವಳನ್ನು ಯಾರೂ ಕೇಳಿರಲಿಲ್ಲ. ಅವಳು 48ರ ಕಲ್ಲನ್ನು ಬೆರಳ ಮೇಲಿಟ್ಟು, ಕಂಪ್ಯೂಟರಿನಲ್ಲಿ ಟೈಪು ಮಾಡುವ ಹಾಗೆ ಗಾಜಿನ ಮೇಲೆ ಬೆರಳಾಡಿಸಿ, "ಇದು ಎತ್ತರ ಕೂರಬಾರದು, ಕೂದಲಿಗೆ ಸಿಗಬಾರದು. ಅಷ್ಟಾದರೆ ಸಾಕು" ಎಂದಳು. ಭಾವ ಅವಳನ್ನು ಮೆಚ್ಚುಗೆಯಿಂದ ನೋಡಿದರು. ಅವಳ ಬೇಡಿಕೆಯೂ ಮಿಲಿಮೀಟರಿನಲ್ಲೇ ಇತ್ತಲ್ಲ.

ಇನ್ನೊಂದು ಸಂಗತಿ ಹೇಳದಿದ್ದರೆ ಭಾವನ ಚಿತ್ರ ಪೂರ್ತಿಯಾಗುವುದಿಲ್ಲ. ಅಂಗಡಿಯಿಂದ ಬಂದ ವಾರದಲ್ಲೇ ಅವರು ಕ್ಯಾರೆಟ್ ತೋರಿಸುವ ಒಂದು ಪುಟ್ಟ ತಕ್ಕಡಿ ತರಿಸಿಕೊಂಡರು. ತಕ್ಕಡಿ ಬಂದ ಸಂಜೆ ನನ್ನ ಮಗಳು ಕಾಗದದಲ್ಲಿ ಸುತ್ತಿದ ಒಂದು ಬಿಳಿ ಕಲ್ಲು ತಂದು, "ಮಾವ, ಇದು ಎಷ್ಟಿರಬಹುದು?" ಎಂದಳು. ಭಾವ ಅಡ್ಡಗಲ ಅಳೆದರು. 5.1 ಮಿಲಿಮೀಟರ್. "ಹೆಚ್ಚುಕಡಿಮೆ ಅರ್ಧ ಕ್ಯಾರೆಟ್" ಎಂದು ಆತ್ಮವಿಶ್ವಾಸದಿಂದ ತಕ್ಕಡಿಗಿಟ್ಟರು. 0.78 ತೋರಿಸಿತು. ಒರೆಸಿ ಮತ್ತೆ ಇಟ್ಟರು. 0.78. ಬೆವರು ಬಂತು. "ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ತೂಕ! ಆ ಅಂಗಡಿಯವರು ಇಂಥ ಕಲ್ಲು ನಮಗೆ ತೋರಿಸಲೇ ಇಲ್ಲ ನೋಡು. ಇದನ್ನು ಎಲ್ಲಿ ತೆಗೆದದ್ದು?"

"ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ. ಓಲೆಯಿಂದ ಉದುರಿದ್ದು. ಜೋಡಿಗೆ ಎಂಬತ್ತು ರೂಪಾಯಿ."

ಅದು ಅಮೆರಿಕನ್ ಡೈಮಂಡ್. ಹೆಸರಿಗೆ ಡೈಮಂಡು, ನಿಜಕ್ಕೆ ಜಿರ್ಕೋನಿಯಾ. ಅದೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ. ಭಾವ ತಕ್ಕಡಿಯನ್ನು ಅದರ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. "ತಕ್ಕಡಿಯ ತಪ್ಪೇನಿಲ್ಲ" ಎಂದರು. ಅವತ್ತು ಒಂದೇ ದೋಸೆ ತಿಂದರು.

ಉಂಗುರದ ಬಿಲ್ಲು ಈಗ ನನ್ನ ಮುಂದಿದೆ. ಒಟ್ಟು ತೂಕ 3.296 ಗ್ರಾಂ. ವಜ್ರ 0.48 ಕ್ಯಾರೆಟ್, ಅಂದರೆ 0.096 ಗ್ರಾಂ. ಕಲ್ಲು ಕಳೆದು ಚಿನ್ನ 3.200 ಗ್ರಾಂ. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ "ಪರಿಶೀಲಿಸಿದೆ, ಸರಿಯಿದೆ" ಎಂದು ಬರೆದು ಭಾವ ಸಹಿ ಹಾಕಿದ್ದಾರೆ, ದಿನಾಂಕವನ್ನೂ.