ತುರ್ತು ಮಾಹಿತಿಯ ಸಾಹೇಬರು

ಸರ್ಕಾರಿ ಶಾಲೆಗಳ ಆಡಳಿತವನ್ನು ಅಭ್ಯಾಸ ಮಾಡುವವರು ಮಂತ್ರಿ, ಅಧಿಕಾರಿ, ಶಿಕ್ಷಕ, ವಿದ್ಯಾರ್ಥಿ ಎಂಬ ನಾಲ್ಕು ವರ್ಗಗಳನ್ನು ಗುರುತಿಸುವುದು ವಾಡಿಕೆಯಾದರೂ, ಈ ನಾಲ್ವರ ನಡುವೆ ಸ್ಕೂಟರಿನ ಮೇಲೆ ಸದಾ ಸಂಚರಿಸುವ ಐದನೆಯ ವರ್ಗವೊಂದು ಅವರ ಕಣ್ಣಿಗೆ ಬೀಳುವುದು ಅಪರೂಪ. ಗುಜರಾತಿನಲ್ಲಿ ಸಿ.ಆರ್.ಸಿ. ಎಂದೂ ಕರ್ನಾಟಕದಲ್ಲಿ ಸಿ.ಆರ್.ಪಿ. ಎಂದೂ ಕರೆಸಿಕೊಳ್ಳುವ ಇವರು ಅಕ್ಕಪಕ್ಕದ ಹಲವು ಶಾಲೆಗಳನ್ನು ಸೇರಿಸಿ ಮಾಡಿದ ಕ್ಲಸ್ಟರ್ ಎಂಬ ಗುಂಪಿನ ಸಂಯೋಜಕರು. ಮೂಲದಲ್ಲಿ ಶಿಕ್ಷಕರೇ ಆಗಿದ್ದು, ನಿಯೋಜನೆಯ ಮೇಲೆ ಬಂದು ಸಾಹೇಬರಾದವರು. 2001ರ ಸರ್ವ ಶಿಕ್ಷಾ ಅಭಿಯಾನವನ್ನೂ 2009ರ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನವನ್ನೂ ಶಿಕ್ಷಕರ ತರಬೇತಿ ಯೋಜನೆಯನ್ನೂ ಒಗ್ಗೂಡಿಸಿ 2018ರಲ್ಲಿ ರೂಪಿಸಿದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಗುಜರಾತಿನಂಥ ರಾಜ್ಯಗಳಿಗೆ ಕೇಂದ್ರವು ನೂರಕ್ಕೆ 60 ಪಾಲು ಕೊಟ್ಟರೆ ರಾಜ್ಯವು 40 ಪಾಲು ಹಾಕುತ್ತದೆ. ಆ ಹಣ ಬಡ, ದಲಿತ, ಆದಿವಾಸಿ, ವಲಸೆ ಹಾಗೂ ಅಂಗವಿಕಲ ಮಕ್ಕಳನ್ನು ತಲುಪಿತೆಂಬುದಕ್ಕೆ ಪುರಾವೆ ಒದಗಿಸುವ ಭಾರವು ನೂರಕ್ಕೆ ನೂರೂ ಸಂಯೋಜಕರದು.

ಈ ವರ್ಗದ ಪ್ರಧಾನ ಲಕ್ಷಣವೆಂದರೆ ತುರ್ತು. ಸಾಹೇಬರು ವಾಟ್ಸಾಪಿನಲ್ಲಿ ಕಳಿಸುವ ಸಂದೇಶಗಳು ತುರ್ತು, ಅತಿ ತುರ್ತು ಮತ್ತು ಈಗಿಂದೀಗಲೇ ಎಂಬ ಮೂರು ದರ್ಜೆಯವಾಗಿದ್ದು, ಮೂರನೆಯ ದರ್ಜೆಯಲ್ಲಿ ಬರುವುದು ಕಳೆದ ವಾರವೇ ಕೊಟ್ಟ ಮಾಹಿತಿಯನ್ನು ಹೊಸ ನಮೂನೆಯಲ್ಲಿ ಮತ್ತೆ ಕೊಡಬೇಕೆಂಬ ಸೂಚನೆ. ‘ಸಾಹೇಬ್, ಸರ್ವರ್ ಡೌನ್’ ಎಂದು ಮುಖ್ಯ ಶಿಕ್ಷಕಿ ಹೇಳಿದರೆ, ‘ಬೇನ್, ನಿಮ್ಮ ಶಾಲೆಯೊಂದೇ ಬಾಕಿ’ ಎಂದು ಉತ್ತರ ಬರುತ್ತದೆ. ಅದೇ ಗಳಿಗೆಯಲ್ಲಿ ಕ್ಲಸ್ಟರಿನ ಉಳಿದ ಶಾಲೆಗಳಿಗೂ ಅದೇ ಉತ್ತರ ಹೋಗಿರುತ್ತದೆ. ಸರ್ವರ್ ಎಂಬುದು ಶಿಕ್ಷಕರ ಸೋಮಾರಿತನಕ್ಕೆ ಇಟ್ಟ ಹೆಸರೆಂದು ಸಾಹೇಬರು ದೃಢವಾಗಿ ನಂಬಿದ್ದಾರೆ.

ಎರಡನೆಯ ಲಕ್ಷಣ ಫೋಟೊ. ಮಕ್ಕಳ ದಾಖಲಾತಿಯನ್ನು ನೋಡಿ ಶಾಲೆಗೆ ವರ್ಷಕ್ಕೊಮ್ಮೆ ಕೊಡುವ ಸಂಯುಕ್ತ ಅನುದಾನದಲ್ಲಿ ನೂರಕ್ಕೆ 10ರಷ್ಟು ಸ್ವಚ್ಛತೆಗೆ ಮೀಸಲಾದುದರಿಂದ, ಸಾಬೂನು, ನಲ್ಲಿ, ಬ್ಯಾನರು ಮತ್ತು ಮಗು ಒಂದೇ ಚೌಕಟ್ಟಿನೊಳಗೆ ಬರಬೇಕಾಗುತ್ತದೆ. ಜಾಗ ಸಾಲದಿದ್ದಾಗ ಚೌಕಟ್ಟಿನಿಂದ ಹೊರಗುಳಿಯುವುದು ಮಗು. ಮಾರ್ಚ್ 31 ಹತ್ತಿರವಾದಂತೆ, ಬಂದ ಹಣ ಉದ್ದೇಶಿತ ಕೆಲಸಕ್ಕೇ ಖರ್ಚಾಯಿತೆಂದು ಬರೆದುಕೊಡುವ ಬಳಕೆ ಪ್ರಮಾಣಪತ್ರಕ್ಕಾಗಿ ಸಾಹೇಬರು ನಿದ್ದೆಯನ್ನೂ ಬಿಡುತ್ತಾರೆ.

ಊರಿನಿಂದ ಊರಿಗೆ ಈ ವರ್ಗದಲ್ಲಿ ಕೆಲವು ಪ್ರಭೇದಗಳು ಕಂಡುಬರುತ್ತವೆ. ಪಕ್ಕದ ಗಾಂಧಿನಗರದಲ್ಲಿ ರಾಜ್ಯದ ಶಾಲೆಗಳ ಹಾಜರಿ ಹಾಗೂ ಕಲಿಕೆಯ ಅಂಕಿಅಂಶಗಳನ್ನು ಪರದೆಗಳ ಮೇಲೆ ಪರಿಶೀಲಿಸುವ, 2022ರ ಏಪ್ರಿಲಿನಲ್ಲಿ ಪ್ರಧಾನಿಯವರೇ ಬಂದು ನೋಡಿಹೋದ ವಿದ್ಯಾ ಸಮೀಕ್ಷಾ ಕೇಂದ್ರವಿರುವುದರಿಂದ, ಅಹಮದಾಬಾದಿನ ಸಾಹೇಬರಿಗೆ ಯಾರೋ ಬೆನ್ನ ಹಿಂದೆ ನಿಂತು ನೋಡುತ್ತಿದ್ದಾರೆಂಬ ಭಾವನೆ ಊಟದ ಹೊತ್ತಿನಲ್ಲೂ ತಪ್ಪುವುದಿಲ್ಲ. ವಡೋದರಾದ ಸಾಹೇಬರು ಇತಿಹಾಸಪ್ರಿಯರು. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಪ್ರಯೋಗಿಸಿ, 1906ರಲ್ಲಿ ಅದನ್ನು ಇಡೀ ಬರೋಡ ಸಂಸ್ಥಾನಕ್ಕೆ ವಿಸ್ತರಿಸಿದ ಸಂಗತಿಯನ್ನು, ಜೂನ್ ತಿಂಗಳಿನಲ್ಲಿ ಮಂತ್ರಿಗಳೂ ಅಧಿಕಾರಿಗಳೂ ಶಾಲೆಗೆ ಬಂದು ಮಕ್ಕಳನ್ನು ಸೇರಿಸುವ ಪ್ರವೇಶೋತ್ಸವದ ವೇದಿಕೆಯಿಂದ ಅವರು ತಪ್ಪದೆ ಸ್ಮರಿಸುತ್ತಾರೆ; ಪ್ರಯೋಗದಿಂದ ವಿಸ್ತರಣೆಗೆ 13 ವರ್ಷ ತೆಗೆದುಕೊಂಡ ಮಹಾರಾಜರು ಈಗಿನ ಪೋರ್ಟಲಿನಲ್ಲಿ ‘ಪ್ರಗತಿ ಶೂನ್ಯ’ ಎಂದು ಕೆಂಪಕ್ಷರದಲ್ಲಿ ಕಾಣಿಸಿಕೊಳ್ಳುತ್ತಿದ್ದರೆಂಬುದನ್ನು ಮಾತ್ರ ಹೇಳುವುದಿಲ್ಲ.

ಆದರೆ ಈ ವರ್ಗದ ನಿಜವಾದ ಪ್ರತಿಭೆಯನ್ನು ಕಾಣಬೇಕಾದರೆ, ಗುಜರಾತಿಯಲ್ಲದೆ ಮರಾಠಿ, ಹಿಂದಿ, ಉರ್ದು, ಒಡಿಯಾ, ತೆಲುಗು ಹಾಗೂ ಇಂಗ್ಲಿಷ್ ಮಾಧ್ಯಮಗಳಲ್ಲೂ ನಗರ ಶಿಕ್ಷಣ ಸಮಿತಿಯು ಶಾಲೆ ನಡೆಸುವ ಸೂರತ್ತಿಗೇ ಹೋಗಬೇಕು. ಅಲ್ಲಿನ ವಿದ್ಯುತ್ ಮಗ್ಗಗಳಲ್ಲಿ ದುಡಿಯಲು ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದ ಕುಟುಂಬದ ಹುಡುಗನೊಬ್ಬ ಎರಡನೆಯ ಬೆಂಚಿನಲ್ಲಿ ಕೂತು ಗುಣಾಕಾರ ಮಾಡುತ್ತಿದ್ದಾನೆಂದು ಇಟ್ಟುಕೊಳ್ಳೋಣ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ ಹೇಳುವುದರಿಂದ ಅವನು ಬೆಂಚಿನ ಮೇಲಿದ್ದಾನೆ. ಆದರೆ ದೇಶದ ಶಾಲೆಗಳ ಲೆಕ್ಕವನ್ನೆಲ್ಲ ಇಡುವ ಯು-ಡೈಸ್ ಪ್ಲಸ್ ಎಂಬ ಗಣಕ ವ್ಯವಸ್ಥೆಯಲ್ಲಿ ಅವನಿನ್ನೂ ಗಂಜಾಂ ಬಿಟ್ಟಿಲ್ಲ. ಅಲ್ಲಿನ ಶಾಲೆ ಅವನನ್ನು ಬಿಡುಗಡೆ ಮಾಡಿದ ಮೇಲೂ ಅವನು ನೇರವಾಗಿ ಸೂರತ್ತಿಗೆ ಬರದೆ, ಒಂದು ಶಾಲೆ ಬಿಟ್ಟು ಇನ್ನೊಂದನ್ನು ಸೇರದವರ ಪಟ್ಟಿಯಾದ ‘ಡ್ರಾಪ್ ಬಾಕ್ಸ್’ನಲ್ಲಿ ಹೋಗಿ ಬೀಳುತ್ತಾನೆ. ಸಾಹೇಬರು ಗುಜರಾತಿ ಬೆರೆತ ಹಿಂದಿಯಲ್ಲಿ ಗಂಜಾಂನ ಮುಖ್ಯ ಶಿಕ್ಷಕರಿಗೆ ಫೋನು ಮಾಡುತ್ತಾರೆ. ಆ ಕಡೆಯವರೂ ತಮ್ಮ ಸಂಯೋಜಕರ ಕಾಟದಿಂದ ಬೆಂದವರೇ ಆದುದರಿಂದ ಇಬ್ಬರ ನಡುವೆ ಆತ್ಮೀಯತೆ ಬೆಳೆಯುತ್ತದೆ. ಬಿಡುಗಡೆಯಾಯಿತೆಂಬ ಸುದ್ದಿ ಬಂದೊಡನೆ ಸಾಹೇಬರು ತರಗತಿಗೆ ಧಾವಿಸಿ, ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, ಅವನ ಹೆಸರಿನ ಅಕ್ಷರಗಳನ್ನು ಆಧಾರ್ ಕಾರ್ಡಿನೊಡನೆ ಒಂದೊಂದಾಗಿ ತಾಳೆ ನೋಡುತ್ತಾರೆ. ‘ಸಾಹೇಬ್, ಇವನ ಗುಣಾಕಾರವನ್ನೂ ಒಮ್ಮೆ ನೋಡಿ’ ಎಂದು ಶಿಕ್ಷಕಿ ಹೇಳಿದರೆ, ‘ಅದು ಬೇರೆ ಪೋರ್ಟಲ್, ಬೇನ್’ ಎಂದು ಸ್ಕೂಟರಿನ ಕಡೆ ನಡೆಯುತ್ತಾರೆ.

ಇವರನ್ನು ಕಂಡು ನಗುವವರು ಒಂದು ಮಾತನ್ನು ಮರೆಯಬಾರದು. ಕಾಯ್ದೆಯು ಮಗುವಿಗೆ ಬೆಂಚು ಕೊಡಿಸಬಲ್ಲದಾದರೂ, ಗಣಕದಲ್ಲಿ ಹೆಸರಿಲ್ಲದ ಮಗುವಿಗೆ ಸಮವಸ್ತ್ರದ ಹಣವಾಗಲಿ ವಿದ್ಯಾರ್ಥಿವೇತನವಾಗಲಿ ದಕ್ಕುವುದು ಕಷ್ಟ. ಇವೆರಡರ ನಡುವಿನ ಕಂದರವನ್ನು ಸ್ವಂತ ಫೋನು ಮತ್ತು ಸ್ವಂತ ಪೆಟ್ರೋಲು ಸುಟ್ಟು ತುಂಬುವವರು ಈ ಸಾಹೇಬರೇ. ಮಗು ಏನು ಕಲಿಯಿತೆಂದು ಅವರು ಕೇಳದಿರುವುದಕ್ಕೆ ಕಾರಣ ಅವರ ಅಸಡ್ಡೆಯಲ್ಲ, ಹಾಗೆ ಕೇಳಲು ಅವರಿಗೆ ಯಾರೂ ಬಿಡುವು ಕೊಟ್ಟಿಲ್ಲ ಎಂಬುದು.

ನಿಯೋಜನೆಯ ಅವಧಿ ಮುಗಿದಾಗ ಸಾಹೇಬರು ಮತ್ತೆ ಶಿಕ್ಷಕರಾಗಿ ಕರಿಹಲಗೆಯ ಮುಂದೆ ಬಂದು ನಿಲ್ಲುತ್ತಾರೆ. ಸೀಮೆಸುಣ್ಣ ಕೈಗೆತ್ತಿಕೊಂಡು ಮೊದಲ ಲೆಕ್ಕ ಬರೆಯುವಷ್ಟರಲ್ಲಿ, ಅವರ ಜಾಗಕ್ಕೆ ಬಂದ ಹೊಸ ಸಂಯೋಜಕರಿಂದ ‘ಈಗಿಂದೀಗಲೇ’ ದರ್ಜೆಯ ಸಂದೇಶವೊಂದು ಬರುತ್ತದೆ. ಅದನ್ನು ಎರಡು ಸಲ ಓದಿ, ಕನ್ನಡಕ ಸರಿಪಡಿಸಿಕೊಂಡು, ಮನಸ್ಸಿನಲ್ಲಿ ಎಳ್ಳಷ್ಟೂ ಅಳುಕಿಲ್ಲದೆ ಅವರು ಟೈಪಿಸುವ ಉತ್ತರ: ‘ಸಾಹೇಬ್, ಸರ್ವರ್ ಡೌನ್.’